ಚುಕ್ಕೆ ನೋಡಿ ಗುರುತಿಸಲಾಗದು

‘ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಅದು ತೋಟಕ್ಕೆ ಉಪಕಾರಿಯಾದ ಗುಲಗಂಜಿ ಹುಳು’ ಎಂಬ ಲೇಖನದ ಮಾತನ್ನು ಒಪ್ಪಲಾರೆ. ಬದನೆ ಎಲೆಯ ಹಸಿರನ್ನು ಕೆರೆದು ತಿಂದು, ನರಗಳಷ್ಟೇ ಉಳಿದ ಜಾಳಿಗೆಯಂತೆ ಮಾಡುವ 28 ಚುಕ್ಕೆಗಳ ಎಪಿಲಾಕ್ನಾ ದುಂಬಿಯೂ ಅದೇ ಕುಟುಂಬಕ್ಕೆ ಸೇರಿದ್ದು. ಅದರ ಬೆನ್ನು ಸಣ್ಣ ರೋಮಗಳಿಂದಾಗಿ ಮಂಕಾಗಿರುತ್ತದೆ, ಹಳದಿ ಮರಿಹುಳುವಿನ ಮೈತುಂಬ ಕವಲೊಡೆದ ಮುಳ್ಳುಗಳಿರುತ್ತವೆ; ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುವಿನ ಬೆನ್ನಾದರೋ ಎಣ್ಣೆ ಸವರಿದಂತೆ ಹೊಳೆಯುತ್ತದೆ.

ಮರಿಹುಳುಗಳ ಬಗ್ಗೆ ಲೇಖನ ಏನನ್ನೂ ಹೇಳದಿರುವುದು ಇದಕ್ಕಿಂತ ದೊಡ್ಡ ಕೊರತೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ, ಇದೇ ಕುಟುಂಬದ ಕ್ರಿಪ್ಟೋಲೀಮಸ್ ದುಂಬಿಯ ಮರಿಗಳು ಗಿಡದ ರಸ ಹೀರುವ ಹಿಟ್ಟು ತಿಗಣೆಗಳನ್ನು ತಿಂದು ಬದುಕುತ್ತವೆ, ಆದರೆ ಮೈಮೇಲಿನ ಬಿಳಿ ಮೇಣದ ಎಳೆಗಳಿಂದಾಗಿ ನೋಡಲು ಆ ತಿಗಣೆಗಳಂತೆಯೇ ಇರುತ್ತವೆ. ನಮ್ಮ ಮನೆಯ ದಾಸವಾಳದ ಗಿಡದಲ್ಲಿ ಇವನ್ನು ತಿಗಣೆಗಳೆಂದೇ ಭಾವಿಸಿ ಸೋಪಿನ ನೀರು ಸಿಂಪಡಿಸಿದ ಬೇಸರ ನನಗೆ ಇಂದಿಗೂ ಇದೆ. ಕಡ್ಡಿಯಿಂದ ಮೆಲ್ಲನೆ ತಾಗಿಸಿ ನೋಡಿ: ತಿಗಣೆ ಬಹುತೇಕ ಕದಲದೆ ಅಂಟಿಕೊಂಡೇ ಇರುತ್ತದೆ, ದುಂಬಿಯ ಮರಿ ಕಾಲು ಚಾಚಿ ಚುರುಕಾಗಿ ಸರಿದುಹೋಗುತ್ತದೆ. ಲೇಖಕರು ಈ ಮರಿಹುಳುಗಳ ಚಿತ್ರಗಳನ್ನು ದಯವಿಟ್ಟು ಸೇರಿಸಬೇಕು.