ಅದು ಬರಹವಲ್ಲ, ಸಾಲಪತ್ರ

ನಿನ್ನೆ ಸಂಜೆ ಬೈಬಲ್ಲಿನ ಹೊಸ ಒಡಂಬಡಿಕೆಯ ಹೊಸ ಕನ್ನಡ ಅನುವಾದವೊಂದರ ಕರಡನ್ನು ಓದಿ ಅಭಿಪ್ರಾಯ ಹೇಳುವ ಕೂಟಕ್ಕೆ ಹೋಗಿದ್ದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ 14ನೆಯ ವಚನ ಬಂತು. ದೇವರು ನಮ್ಮ ಅಪರಾಧಗಳನ್ನು ಕ್ಷಮಿಸಿ ನಮ್ಮ ಮೇಲಿದ್ದ ಒಂದು ಪತ್ರವನ್ನು ಒರೆಸಿಹಾಕಿದನೆಂದು ಹೇಳುವ ವಚನ ಅದು. ಅಲ್ಲಿ 'ನಮಗೆ ವಿರುದ್ಧವಾಗಿದ್ದ ಬರಹ' ಎಂದಷ್ಟೇ ಇತ್ತು. ಯಾರೂ ತಡೆಯಲಿಲ್ಲ, ಓದು ಮುಂದಕ್ಕೆ ಸಾಗಿತು. ನಾನು ಕೈಯೆತ್ತಿ ಎರಡು ನಿಮಿಷ ಮಾತನಾಡಿದೆ; 'ಸಾಮಾನ್ಯ ಓದುಗರಿಗೆ ಅಷ್ಟೆಲ್ಲ ಬೇಡ' ಎಂಬ ಉತ್ತರ ಕೇಳಿ ಕುಳಿತುಕೊಂಡೆ. ಐವತ್ತು ದಾಟಿದ ಮೇಲೆ ಗ್ರೀಕ್ ಅಕ್ಷರ ತಿದ್ದಿದವನು ನಾನೆಂದು ನಿಮಗೆ ಗೊತ್ತೇ ಇದೆ. ಹೀಗೆ ಪಡೆದ ಒಂದೊಂದು ಪದವನ್ನೂ ನಾನು ಸುಲಭವಾಗಿ ಬಿಟ್ಟುಕೊಡಲಾರೆ.

ಗ್ರೀಕ್ ಮೂಲದಲ್ಲಿರುವ ಪದ ಖೈರೋಗ್ರಾಫೊನ್. ಬಿಡಿಸಿದರೆ 'ಕೈಬರಹ'. ಆದರೆ ಆ ಕಾಲದ ವ್ಯವಹಾರದಲ್ಲಿ ಅದು ಸಾಲಗಾರನು ತನ್ನ ಕೈಯಾರೆ ಬರೆದುಕೊಡುತ್ತಿದ್ದ ಪತ್ರ: ಇಂಥವರಿಂದ ಇಷ್ಟು ಪಡೆದಿದ್ದೇನೆ, ತೀರಿಸುತ್ತೇನೆ ಎಂಬ ಒಪ್ಪಿಗೆ. ಫಿಲೆಮೋನನಿಗೆ ಬರೆದ ಪತ್ರಿಕೆಯ 19ನೆಯ ವಚನದಲ್ಲಿ ಅಪೊಸ್ತಲ ಪೌಲನು ಫಿಲೆಮೋನನ ದಾಸ ಒನೇಸಿಮನ ಬಾಕಿಯನ್ನು ತನ್ನ ಮೇಲೆ ಹಾಕಿಕೊಂಡು, ನಾನೇ ತೀರಿಸುತ್ತೇನೆಂದು ಸ್ವಂತ ಕೈಯಿಂದ ಬರೆದಿದ್ದೇನೆ ಎನ್ನುತ್ತಾನಲ್ಲ, ಅದು ಇಂಥ ಪತ್ರದ ಭಾಷೆಯೇ. ಕ್ರಿ.ಶ. 85ರಲ್ಲಿ ಈಜಿಪ್ಟಿನ ರೋಮನ್ ಅಧಿಪತಿಯೊಬ್ಬನು ಒಂದು ವಿಚಾರಣೆಯ ಕೊನೆಯಲ್ಲಿ ಖೈರೋಗ್ರಾಫೊನ್ ಮೇಲೆ ಅಡ್ಡಗೀಟು ಎಳೆಯಿರಿ ಎಂದು ಆಜ್ಞೆ ಮಾಡಿದ್ದು ಪಪೈರಸ್ ಎಂಬ ಜೊಂಡಿನಿಂದ ಮಾಡಿದ ಹಾಳೆಯೊಂದರಲ್ಲಿ ಉಳಿದುಬಂದಿದೆ. ಗ್ರೀಕಿನ 'ಖಿ' (X) ಅಕ್ಷರದ ಆಕಾರದಲ್ಲಿ ಗೀಟು ಬಿದ್ದರೆ ಪತ್ರ ರದ್ದಾಯಿತೆಂದು ಅರ್ಥ. ಕೊಲೊಸ್ಸೆಯ ಪತ್ರಿಕೆಯಲ್ಲಿ ಗೀಟು ಎಳೆಯುವ ಆ ಕ್ರಿಯಾಪದವಿಲ್ಲ. ಅಲ್ಲಿರುವುದು 'ಒರೆಸಿಹಾಕಿ' ಎಂಬ ಮಾತು. ಅಂದಿನ ಮಸಿಯನ್ನು ಕಾಡಿಗೆಗೆ ಅಂಟು ಕಲಸಿ ಮಾಡುತ್ತಿದ್ದರು. ಅದು ಹಾಳೆಯ ಮೇಲೆಯೇ ನಿಲ್ಲುತ್ತಿದ್ದುದರಿಂದ ಒದ್ದೆ ಸ್ಪಂಜಿನಿಂದ ಒರೆಸಿದರೆ ಅಕ್ಷರ ಹೋಗಿಬಿಡುತ್ತಿತ್ತು. ಗೀಟು ಎಳೆದ ಪತ್ರದಲ್ಲಿ ಸಾಲವೆಷ್ಟಿತ್ತೆಂದು ಆಮೇಲೂ ಓದಬಹುದು, ಒರೆಸಿದ ಪತ್ರದಲ್ಲಿ ಓದಲು ಏನೂ ಉಳಿಯುವುದಿಲ್ಲ. ಇಷ್ಟನ್ನೂ ಹೊತ್ತುಕೊಂಡಿರುವ ಪದವನ್ನು 'ಬರಹ' ಎಂದು ಬರೆದು ಮುಂದೆ ಹೋಗುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ, ಅದನ್ನು ಕೂಟದಲ್ಲಿ ಹೇಳಲಾಗಲಿಲ್ಲ. ಅಕ್ಕನ ಮದುವೆಗೆ ನಮ್ಮ ತಂದೆ ಸಾಲ ಮಾಡಿದ್ದರು. ಕೊನೆಯ ಕಂತು ಕಟ್ಟಲು ಹೋದ ದಿನ ನಾನೂ ಜೊತೆಯಲ್ಲಿದ್ದೆ. ಸಾಲ ಕೊಟ್ಟವರು ಒಳಗಿನಿಂದ ತಗಡಿನ ಪೆಟ್ಟಿಗೆ ತಂದು, ಮಡಿಕೆ ಹಳದಿಯಾಗಿದ್ದ ಪ್ರೊನೋಟನ್ನು ತಂದೆಯ ಕೈಗಿತ್ತರು. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡವಾಗಿ ತಂದೆಯದೇ ರುಜು. ತಮ್ಮ ಅಕ್ಷರವನ್ನು ತಾವೇ ಬಹಳ ಹೊತ್ತು ನೋಡಿ, ಸ್ಟಾಂಪು ಇದ್ದ ಭಾಗವನ್ನು ಹರಿದು, ಮನೆಗೆ ತಂದು ಒಲೆಗೆ ಹಾಕಿದರು. ಆ ರಾತ್ರಿ ಅವರು ಊಟ ಮಾಡಿದ ರೀತಿಯೇ ಬೇರೆ. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಖೈರೋಗ್ರಾಫೊನ್ ಪದಕ್ಕೆ ನಿಘಂಟು ತೆರೆದು ಅರ್ಥ ನೋಡಿದಾಗ ನನಗೆ ಕಂಡದ್ದು ಆ ಒಲೆಯ ಬೆಂಕಿ.

ಸಾಮಾನ್ಯ ಓದುಗರಿಗೆ ಸರಳವಾಗಿರಲಿ ಎಂಬ ವಾದವನ್ನು ನಾನು ಕೇಳಿಲ್ಲವೆಂದಲ್ಲ. ಹಳೆಯ ಅನುವಾದಗಳ ಸಂಸ್ಕೃತಭರಿತ ಸಮಾಸಗಳಲ್ಲಿ ಎಡವಿದವರನ್ನು ನೋಡಿದ್ದೇನೆ, ನಾನೂ ಎಡವಿದ್ದೇನೆ. ಆದರೆ ಇಲ್ಲಿ ಸರಳವಾದ ಪದ ಯಾವುದು? ಬಡ್ಡಿಗೆ ಹಣ ತಂದು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ತಾಯಿಗೆ 'ಸಾಲಪತ್ರ' ಎಂದರೆ ವಿವರಣೆಯೇ ಬೇಡ. 'ನಮಗೆ ವಿರುದ್ಧವಾಗಿದ್ದ ಬರಹ' ಎಂದರೆ ಆಕೆ ಯಾರು ಬರೆದದ್ದು, ಏನು ಬರೆದದ್ದು ಎಂದು ಕೇಳಿಯಾಳು, ಕೇಳಲೇಬೇಕು. ಅವಳ ಹೆಸರು ಹೇಳಿ ಅವಳಿಗೆ ಗೊತ್ತಿರುವ ಪದವನ್ನೇ ಕಿತ್ತುಹಾಕಿದ್ದನ್ನು ನಾನು ಸರಳತೆ ಎಂದು ಒಪ್ಪುವುದಿಲ್ಲ.

ಕರಡಿನಲ್ಲಿ ಇದೊಂದೇ ಕಡೆ ಹೀಗಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಲೂಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ ಯಜಮಾನನ ಲೆಕ್ಕ ನೋಡುವ ಮನೆವಾರ್ತೆಯವನು ಸಾಲಗಾರನಿಗೆ, ನಿನ್ನ 'ಗ್ರಮ್ಮತ' ತೆಗೆದುಕೋ, ನೂರು ಇರುವಲ್ಲಿ ಬೇಗ ಐವತ್ತು ಎಂದು ಬರೆ ಎನ್ನುತ್ತಾನೆ. ಅದೂ ಸಾಲಪತ್ರವೇ, ಕರಡಿನಲ್ಲಿ ಅಲ್ಲಿಯೂ 'ಬರಹ'. ಅದೇ ಗ್ರೀಕ್ ಪದಕ್ಕೆ ಯೋಹಾನನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ವಿದ್ಯೆ ಎಂಬರ್ಥ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪವಿತ್ರ ಗ್ರಂಥಗಳು ಎಂಬರ್ಥ. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಆಕಾಶವು ಸುತ್ತಿಟ್ಟ 'ಬಿಬ್ಲಿಯೊನ್' ಹಾಗೆ ಸರಿದುಹೋಗುತ್ತದೆ. ಅದನ್ನು 'ಪುಸ್ತಕ' ಎಂದರೆ ಸುತ್ತುವುದು ಹೇಗೆ? ಸುರುಳಿ ಎಂಬ ಚಂದದ ಕನ್ನಡ ಪದ ಇದೆಯಲ್ಲ. ಮಾತು ನಿಂತುಹೋಗಿದ್ದ ಜಕರೀಯನು, ಅಂದರೆ ಸ್ನಾನಿಕ ಯೋಹಾನನ ತಂದೆ, ಮಗನ ಹೆಸರು ಬರೆಯಲು ಕೇಳಿದ್ದು ಒಂದು ಪುಟ್ಟ ಹಲಗೆಯನ್ನು. ಕರಡಿನಲ್ಲಿ ಅವನು 'ಬರೆಯಲು ಏನಾದರೂ' ಕೇಳುತ್ತಾನೆ. ಹಲಗೆ ಹಿಡಿದು ಅಕ್ಷರ ಕಲಿತ ನಾಡಿನವರು ನಾವು, ಆ ಪದ ನಮಗೆ ಕಷ್ಟವೇ?

ಮುಂದಿನ ಕೂಟ ಎರಡು ವಾರಗಳ ನಂತರ ಇದೆ, ನಾನು ಮತ್ತೆ ಕೈಯೆತ್ತುತ್ತೇನೆ. ಅದಕ್ಕೆ ಮೊದಲು ನಿಮ್ಮಿಂದ ಒಂದು ಸಹಾಯ ಬೇಕು. ಸಾಲ ಪಡೆದವರು ಕೈಯಾರೆ ಬರೆದುಕೊಡುವ ಈ ಪತ್ರವನ್ನು ನಿಮ್ಮ ಊರಿನಲ್ಲಿ, ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು? ಸಾಲಪತ್ರ, ಕರಾರುಪತ್ರ, ಪ್ರೊನೋಟು, ಬೇರೆ ಯಾವುದಾದರೂ ಹೆಸರಿತ್ತೇ? ನೆನಪಿದ್ದವರು ದಯವಿಟ್ಟು ಕೆಳಗೆ ಬರೆಯಿರಿ, ಊರಿನ ಹೆಸರನ್ನೂ ಸೇರಿಸಿ.