ಹೊಲದಲ್ಲಿ ಡೇರೆ ಹಾಕಲು ಯಾರನ್ನೂ ಕೇಳಬೇಕಿಲ್ಲವೇ?

ಧಾರವಾಡ, ಗದಗ ಕಡೆಯ ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೀಗೊಂದು ಸಂದೇಶ ಓಡಾಡುತ್ತಿದೆ: ‘ಡೇರೆ ಕಟ್ಟಡವಲ್ಲ. ಹೊಲದಲ್ಲಿ ಗ್ಲ್ಯಾಂಪಿಂಗ್ (ಸೌಕರ್ಯವುಳ್ಳ ಡೇರೆಗಳಲ್ಲಿ ಅತಿಥಿ ವಾಸ್ತವ್ಯ) ಆರಂಭಿಸಲು ಎನ್.ಎ. (ಜಮೀನಿನ ಕೃಷಿಯೇತರ ಬಳಕೆಗೆ ಅನುಮತಿ) ಬೇಡ, ತೆರಿಗೆಯಿಲ್ಲ, ಪಂಪ್‌ಸೆಟ್ ಕರೆಂಟೇ ಸಾಕು.’ ಮೂರೂ ತಪ್ಪು.

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಗೋಡೆ ಇದೆಯೇ ಎಂದು ಕೇಳುವುದಿಲ್ಲ; ಸಾಗುವಳಿ ಜಮೀನು ಬೇರೆ ಉದ್ದೇಶಕ್ಕೆ ಬಳಕೆಯಾಗುತ್ತಿದೆಯೇ ಎಂದು ಕೇಳುತ್ತದೆ. ಆಗುವುದಾದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ತೋಟದ ಮನೆಗಿರುವ ರಿಯಾಯಿತಿ ಬೇಸಾಯದ ಅನುಕೂಲಕ್ಕೆ, ಬಾಡಿಗೆಯ ಅತಿಥಿಗಲ್ಲ. ಆದಾಯ ತೆರಿಗೆ ವಿನಾಯಿತಿಯೂ ಬೆಳೆಗೆ ಸಂಬಂಧಿಸಿದ್ದು. ಡೇರೆಯ ಬಾಡಿಗೆ ವ್ಯಾಪಾರದ ಗಳಿಕೆ. 10 ಎಚ್‌ಪಿವರೆಗಿನ ಉಚಿತ ವಿದ್ಯುತ್ ನೀರಾವರಿಗೆ ಮಾತ್ರ. ಅತಿಥಿಯ ಗೀಸರ್‌ಗೆ ಹೆಸ್ಕಾಂನಿಂದ ಬೇರೆ ಸಂಪರ್ಕ ಪಡೆಯಬೇಕು. ಊಟ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು.

ಸಂದೇಶ ಬರೆದವರು ನಮ್ಮ ಎರೆ (ಕಪ್ಪು ಮಣ್ಣಿನ) ಹೊಲವನ್ನು ಕಂಡಂತಿಲ್ಲ. ನನ್ನ ಮಟ್ಟಿಗೆ ಕಾಗದಪತ್ರಕ್ಕಿಂತ ದೊಡ್ಡ ತೊಡಕು ಅದೇ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಗೂಟ ಸಡಿಲವಾಗುತ್ತದೆ, ಹಾಸಿದ ಟೈಲ್ಸ್ ಏಳುತ್ತವೆ, ಶೌಚಾಲಯದ ಗುಂಡಿಯ ನೀರು ಬೇಗ ಇಂಗುವುದಿಲ್ಲ. ಮಳೆಗಾಲದಲ್ಲಿ ಅತಿಥಿಯ ಕಾರು ಹೂತರೆ ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಕು. ಅವರು ಅದನ್ನು ಹಳ್ಳಿಯ ಅನುಭವವೆಂದು ಮೆಚ್ಚಲಾರರು! ದಾರಿಗೆ ಗರಸು, ಡೇರೆಯ ಕೆಳಗೆ ಎತ್ತರದ ಕಟ್ಟೆ, ನೀರು ಹರಿಯಲು ಕಾಲುವೆ: ಮೊದಲ ಹಣ ಹೋಗುವುದು ಇವುಗಳಿಗೆ.

ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ. ಅದರ ಅಂಚಿನಲ್ಲಿ ಜಮೀನಿರುವವರು ಡೇರೆಗೆ ಮುಂಗಡ ಕೊಡುವ ಮೊದಲು ಅರಣ್ಯ ಇಲಾಖೆಯಲ್ಲಿಯೂ ವಿಚಾರಿಸಬೇಕು.