ಗ್ರಾಫಿಕ್ಸ್ ಕಾರ್ಡ್ ಬಿಡಿ, ಟ್ಯೂನರ್ ನೋಡಿ

ಅಮೆರಿಕದಲ್ಲಿರುವವರು ಕೇಬಲ್ ಬಾಕ್ಸ್ ವಾಪಸ್ ಕೊಟ್ಟು ಟಿವಿಗೆ ಒಂದು ಪಿಸಿ ಜೋಡಿಸಿಕೊಳ್ಳಿ, ಅದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪಿಸಿ ಸರಿ. ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಅಷ್ಟು ದುಡ್ಡು ಸುಮ್ನೆ ದಂಡ. ಇಂಟೆಲ್ ಎನ್100 ಪ್ರೊಸೆಸರ್ ಇರುವ ಪುಟ್ಟ ಪಿಸಿಯೇ 4ಕೆ ವಿಡಿಯೊ ಆರಾಮಾಗಿ ತೋರಿಸುತ್ತದೆ.

ತಲೆ ಕೆಡಿಸಿಕೊಳ್ಳಬೇಕಾದ್ದು ಟ್ಯೂನರ್ ಬಗ್ಗೆ, ಅಂದರೆ ಚಾನೆಲ್‌ಗಳನ್ನು ಹಿಡಿದು ಪಿಸಿಗೆ ಕೊಡುವ ಸಾಧನದ ಬಗ್ಗೆ. ಕೇಬಲ್ ಚಾನೆಲ್‌ಗಳಿಗೆ ಬೀಗ ಇರುತ್ತದೆ. ಅದನ್ನು ತೆಗೆಯಲು ಟ್ಯೂನರ್‌ಗೆ ಹಾಕುವ ಕೇಬಲ್‌ಕಾರ್ಡ್ ಅನ್ನು ಕೇಬಲ್ ಕಂಪನಿಗಳು ಕೊಡಲೇಬೇಕೆಂಬ ನಿಯಮವನ್ನು ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2020ರಲ್ಲೇ ಕೈಬಿಟ್ಟಿತು. ಹಳೇ ವಿಡಿಯೊ ನೋಡಿ ಕೇಬಲ್‌ಕಾರ್ಡ್ ಹಾಕುವ ಟ್ಯೂನರ್ ಕೊಂಡೀರಿ ಮತ್ತೆ! ಅದರ ಬದಲು ಕಿಟಕಿ ಪಕ್ಕ ಆಂಟೆನಾ, ಜೊತೆಗೆ ಎಟಿಎಸ್‌ಸಿ 1.0 (ಅಲ್ಲಿ ಆಂಟೆನಾಗೆ ಸಿಗುವ ಡಿಜಿಟಲ್ ಟಿವಿ ಪ್ರಸಾರದ ಮಾದರಿ) ಟ್ಯೂನರ್ ಇದ್ದರೆ ಲೋಕಲ್ ಚಾನೆಲ್‌ಗಳು ಪುಕ್ಕಟೆ. ಕಾರ್ಯಕ್ರಮ ರೆಕಾರ್ಡ್ ಮಾಡುವುದಿದ್ದರೆ ಪಿಸಿಯ ಡಿಸ್ಕ್ ಮಾತ್ರ ದೊಡ್ಡದಿರಲಿ. ಎಚ್‌ಡಿ ರೆಕಾರ್ಡಿಂಗ್ ಗಂಟೆಗೆ 6-7 ಜಿಬಿ ನುಂಗುತ್ತದೆ.

ಅಂದಹಾಗೆ, ಊರಿಂದ ಅಪ್ಪ-ಅಮ್ಮ ಬರುವುದಿದ್ದರೆ ಕೀಬೋರ್ಡ್ ಕೈಗೆ ಕೊಡಬೇಡಿ. ಯುಎಸ್‌ಬಿಗೆ ಸಿಕ್ಕಿಸುವ, ರಿಮೋಟ್‌ನ ಸಂಕೇತ ಹಿಡಿಯುವ ಐಆರ್ ರಿಸೀವರ್ ತಗೊಳ್ಳಿ, ಪಿಸಿಯಲ್ಲಿ ಟಿವಿ, ವಿಡಿಯೊ ತೋರಿಸುವ ಕೋಡಿ ಆ್ಯಪ್ ಮಾಮೂಲಿ ರಿಮೋಟ್‌ನಲ್ಲೇ ನಡೆಯುತ್ತದೆ.